ಮೂರನೆಯ ಡೈನಮೊ

"ಡೈನಮೊ ಕೆಟ್ಟಿದೆ. ಬದಲಿಸಿ. ಖಚಿತತೆ ನೂರಕ್ಕೆ ತೊಂಬತ್ತೊಂಬತ್ತು" ಎಂದು ನಾಡಿ ಎಂಬ ಯಂತ್ರ ಅದೇ ತಣ್ಣನೆಯ ದನಿಯಲ್ಲಿ ಹೇಳಿತು.

ಅಣ್ಣಿಗೇರಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ದಾದಾಪೀರ ಬ್ಯಾಟರಿಗೆ ಹಚ್ಚಿದ್ದ ಎರಡು ಕ್ಲಿಪ್ಪುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಹಚ್ಚಿದ. ನಾಡಿ ಮತ್ತೆ ಅದನ್ನೇ ಹೇಳಿತು. ಅವನು ಫೋನು ತೆಗೆದು, ಆ ಯಂತ್ರವನ್ನು ಕಂಡುಹಿಡಿದವಳನ್ನೇ ಧಾರವಾಡದಿಂದ ಕರೆಸಿದ.

ಅದು ೨೦೫೧ನೆಯ ಇಸವಿ. ಡಾ. ಸಿಂಚನಾ ಬೆಳವಟಗಿಯ ನಾಡಿ ಇಲ್ಲದ ಗ್ಯಾರೇಜು ಆಗ ರಾಜ್ಯದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಬ್ಯಾಟರಿಗೆ ವಿದ್ಯುತ್ತು ತುಂಬುವ ಡೈನಮೊದ ಹರಿವು ನಮಗೆ ಕಾಣುವಷ್ಟು ಸಮವಾಗಿರುವುದಿಲ್ಲ. ಅದರಲ್ಲಿ ಸಣ್ಣ ಸಣ್ಣ ಅಲೆಗಳಿರುತ್ತವೆ. ನಾಡಿ ಆ ಅಲೆಗಳನ್ನು ಕೇಳಿ, ಕೋಟ್ಯಂತರ ಗಾಡಿಗಳ ದಾಖಲೆಯೊಂದಿಗೆ ಹೋಲಿಸಿ, ಅರ್ಧ ನಿಮಿಷದಲ್ಲಿ ರೋಗದ ಹೆಸರು ಹೇಳುತ್ತಿತ್ತು. ತಿಂಗಳುಗಟ್ಟಲೆ ಎಣ್ಣೆ ಮೆತ್ತಿಕೊಂಡು ಕಲಿಯಬೇಕಾದ ವಿದ್ಯೆ ಎರಡು ಕ್ಲಿಪ್ಪಿಗೆ ಇಳಿದಿತ್ತು. ಇದರಲ್ಲಿ ಸಿಂಚನಾಗೆ ತುಸು ಜಂಬವೂ ಇತ್ತು, ಇರಬೇಕಾದದ್ದೇ.

ಗ್ಯಾರೇಜಿನಲ್ಲಿ ನಿಂತಿದ್ದದ್ದು ಪರವಾನಗಿಯ ಮೇಲೆ ಇನ್ನೂ ಓಡುತ್ತಿದ್ದ ಹಳೆಯ ಡೀಸೆಲ್ ವ್ಯಾನು. ಹಿಂದಿನ ಸೀಟಿನಲ್ಲಿ ಕಸ್ತೂರಿ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಕೊಂಡು ಕೂತಿದ್ದಳು. ಇಪ್ಪತ್ತು ವರ್ಷ ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಲ್ಲಿ ಧೂಳು ಕುಡಿದ ಪುಪ್ಪುಸಗಳು. ಪ್ರತಿ ಸೋಮವಾರ ಗಂಡ ಫಕ್ಕೀರೇಶ ಅವಳನ್ನು ಗದಗದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ಯುತ್ತಿದ್ದ. ದಾರಿಯುದ್ದಕ್ಕೂ ಆಕ್ಸಿಜನ್ ಯಂತ್ರ ಓಡುವುದು ವ್ಯಾನಿನ ಬ್ಯಾಟರಿಯಿಂದ. ಕಂಪನಿಯ ಡೈನಮೊಗೆ ಆ ಭಾರ ತಡೆಯದೆಂದು ಹೊರಗಿನ ತಯಾರಿಕೆಯ ದೊಡ್ಡದೊಂದನ್ನು ಕೂರಿಸಿದ್ದರು. ಸದ್ಯಕ್ಕೆ ಯಂತ್ರದ ವೈರು ಗ್ಯಾರೇಜಿನ ಗೋಡೆಗೆ ಸಿಕ್ಕಿಸಿತ್ತು. ಅದನ್ನು ಕಿತ್ತು ರಸ್ತೆಗಿಳಿಯಲು ಫಕ್ಕೀರೇಶನಿಗೆ ಎದೆ ಇರಲಿಲ್ಲ.

"ಹೋದ ವಾರ ನಲವಡಿ ಹತ್ರ ಮಷಿನ್ ಬಂದ್ ಆತ್ರಿ. ಇಕಿ ತುಟಿ ನೀಲಿ ಆಗಿದ್ವು. ಇವತ್ತೂ ಹಂಗಾದ್ರ ನಾ ಏನ್ ಮಾಡ್ಲಿ?" ಎಂದು ಅವನು ಸಿಂಚನಾಳನ್ನು ಕೇಳಿದ.

"ನಿಮ್ಮ ನಾಡಿ ಹೇಳಿದಂಗ ಎರಡು ಸಲ ಬದಲಿ ಮಾಡೇನ್ರಿ ಮೇಡಮ್ಮಾರ" ಎಂದ ದಾದಾಪೀರ. "ಇದು ಮೂರನೇದು. ಹಾಕಿ ಎಂಟು ದಿನ ಆಗಿಲ್ಲ. ಒಮ್ಮೊಮ್ಮೆ ಜೋರಾಗಿ ರೇಸ್ ಮಾಡಿದ್ರ ಚಾರ್ಜ್ ಆಗತೈತಿ, ಒಮ್ಮೊಮ್ಮೆ ಏನ್ ಮಾಡಿದ್ರೂ ಇಲ್ಲ."

ಸಿಂಚನಾ ಬೆಲ್ಟು ನೋಡಿದಳು, ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಎಲ್ಲ ಗಟ್ಟಿ. ಹನ್ನೊಂದು ಗಂಟೆಯಾಯಿತು, ಆಸ್ಪತ್ರೆಯ ಸರದಿ ಹನ್ನೆರಡೂವರೆಗೆ. ತಪ್ಪಿದರೆ ಇನ್ನು ಮುಂದಿನ ಸೋಮವಾರವೇ. ಸಿಂಚನಾ ಮಾಡಲು ಇನ್ನೇನೂ ತೋಚದೆ, ಹಿಂದೆ ಕೂತವಳನ್ನು ಮಾತಾಡಿಸಿದಳು. "ಗಾಡಿಯೊಳಗ ನಿಮಗೇನರ ಬದಲಾದಂಗ ಅನಿಸೇತೇನ್ರಿ?"

ಕಸ್ತೂರಿ ಉಸಿರು ಕೂಡಿಸಿಕೊಂಡಳು. "ಮೊದಲ ಕೀ ತಿರುವಿದ ಕೂಡ್ಲೆ ಮುಂದ ಒಂದ್ ಕೆಂಪ್ ದೀಪ ಹತ್ತತಿತ್ರಿ. ಅದು ಆರೂತನಕ ನನಗ ಜೀವ ಇರ್ತಿದ್ದಿಲ್ಲ. ಈಗ ಹತ್ತಂಗಿಲ್ಲ. ಭಾಳ ಸಮಾಧಾನ."

ಫಕ್ಕೀರೇಶ ನೆಲ ನೋಡಿದ. "ಇಕಿ ಹೆದರ್ತಾಳ ಅಂತ ನಾನ ಬಲ್ಬ್ ಕಿತ್ತೀನ್ರಿ. ಬರೀ ಒಂದ್ ಬಲ್ಬ್..."

ಸಿಂಚನಾ ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತಳು. ಡೈನಮೊ ವಿದ್ಯುತ್ತು ಹುಟ್ಟಿಸಬೇಕಾದರೆ ಮೊದಲು ಅದರೊಳಗಿನ ಸುರುಳಿ ಅಯಸ್ಕಾಂತವಾಗಬೇಕು. ಅದಕ್ಕೆ ಚೂರು ವಿದ್ಯುತ್ತನ್ನು ಹೊರಗಿನಿಂದ ಕೊಡಬೇಕು. ಈ ಹೊರಗಿನ ತಯಾರಿಕೆಯ ಡೈನಮೊಗೆ ಆ ಚೂರು ಬರುತ್ತಿದ್ದದ್ದು ಅದೇ ಕೆಂಪು ಬಲ್ಬಿನ ಮೂಲಕ. ಬಲ್ಬು ಹೋಯಿತು, ದಾರಿಯೂ ಹೋಯಿತು. ಎಂಜಿನ್ನನ್ನು ಜೋರಾಗಿ ಓಡಿಸಿದಾಗ ಒಳಗೆ ಉಳಿದ ಅಲ್ಪ ಕಾಂತತೆಯಿಂದ ಅದು ಒಮ್ಮೊಮ್ಮೆ ತಾನೇ ಎಚ್ಚರಗೊಳ್ಳುತ್ತಿತ್ತು, ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಮೂರು ಒಳ್ಳೆಯ ಡೈನಮೊಗಳಿಗೆ ಶಿಕ್ಷೆಯಾಗಿತ್ತು.

"ಇದನ್ನ ಯಾಕ ಹೇಳಲಿಲ್ರಿ?" ಎಂದು ಕೇಳಿದಳು.

"ಯಾರೂ ಕೇಳ್ಲಿಲ್ಲಲ್ರಿ" ಎಂದ ಫಕ್ಕೀರೇಶ.

ಅದು ನಿಜ. ದಾದಾಪೀರನೂ ಒಪ್ಪಿಕೊಂಡ. "ನಮ್ಮಪ್ಪ ಬಾನೆಟ್ ಎತ್ತೂಕಿಂತ ಮೊದಲ ಗಿರಾಕಿಗೆ ಬೈತಿದ್ನ್ರಿ. 'ಗಾಡಿಗೆ ಏನೇನ್ ಮಾಡೀಯಪಾ, ಖರೇ ಹೇಳ' ಅಂತ. ನಾಡಿ ಬಂದಮ್ಯಾಲ ನಾ ಕೇಳೂದ ಬಿಟ್ಟೆ."

ಮೂಲೆಯಲ್ಲಿ ಬಿಚ್ಚಿಟ್ಟ ಡೈನಮೊಗಳ ಗುಡ್ಡೆಯಿತ್ತು. ಅದರಲ್ಲಿ ಎಷ್ಟು ನಿಜವಾಗಿ ಕೆಟ್ಟವು? ಬದಲಿಸಿದ ಪ್ರತಿಯೊಂದನ್ನೂ ನಾಡಿ 'ಸರಿ ಹೇಳಿದೆ' ಎಂದೇ ಬರೆದುಕೊಂಡು, ಅದರಿಂದಲೇ ಮತ್ತಷ್ಟು ಕಲಿತಿತ್ತು. ಸಿಂಚನಾಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

ಹೊಸ ಬಲ್ಬು ಹಾಕಿ ಕೀ ತಿರುವಿದಾಗ ಕೆಂಪು ಹತ್ತಿತು. ಎಂಜಿನ್ ಓಡಿತು, ಕೆಂಪು ಆರಿತು. "ಎಲ್ಲ ಸರಿಯಿದೆ" ಎಂದಿತು ನಾಡಿ, ತನ್ನದೇನೂ ತಪ್ಪಿಲ್ಲವೆಂಬಂತೆ. ಆದರೂ ಸಿಂಚನಾ ಆ ಮಾತನ್ನು ನಂಬದೆ ತನ್ನ ಕಾರಿನಲ್ಲಿ ಹುಬ್ಬಳ್ಳಿಯವರೆಗೂ ವ್ಯಾನಿನ ಬೆನ್ನು ಹತ್ತಿದಳು. ನಲವಡಿ ದಾಟುವಾಗ ಕಾರನ್ನು ವ್ಯಾನಿಗೆ ಇನ್ನಷ್ಟು ಹತ್ತಿರ ತಂದಳು. ವ್ಯಾನು ಎಲ್ಲೂ ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯ ಕಸ್ತೂರಿಯ ಬೆರಳಿಗೆ ಕ್ಲಿಪ್ಪು ಹಚ್ಚಿ ಪರದೆಯತ್ತ ತಿರುಗಿದ. ರಕ್ತದ ಅಲೆಗಳನ್ನು ಓದುವ ಯಂತ್ರ. ನಾಡಿಯನ್ನು ನೋಡಿಯೇ ಬೇರೆಯವರು ಮಾಡಿದ್ದು. ಪರದೆಯ ಮೇಲೆ ಅಕ್ಷರಗಳು ಮೂಡಿದವು: ಪುಪ್ಪುಸ ಕುಸಿಯುತ್ತಿದೆ, ಔಷಧದ ಪ್ರಮಾಣ ಹೆಚ್ಚಿಸಿ, ಖಚಿತತೆ ತೊಂಬತ್ತೆಂಟು. ನಾಲ್ಕು ತಿಂಗಳಲ್ಲಿ ಮೂರನೆಯ ಸಲದ ಹೆಚ್ಚಳ. ಒಪ್ಪಿಗೆಯ ಗುಂಡಿ ಒತ್ತಲು ವೈದ್ಯ ಬೆರಳು ಚಾಚಿದ.

"ಡಾಕ್ಟ್ರ, ಒಂದ್ ನಿಮಿಷ" ಎಂದಳು ಬಾಗಿಲಲ್ಲಿ ನಿಂತಿದ್ದ ಸಿಂಚನಾ. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಕಸ್ತೂರಿ ಅಕ್ಕಾರ, ನೀವ ಏನರ ಮಾಡೀರೇನ್ರಿ? ಯಾರಿಗೂ ಹೇಳಲಾರದ್ದು?"

ಕಸ್ತೂರಿ ಗಂಡನ ಮುಖ ನೋಡಿದಳು.

"ಗಾಡಿ ಬ್ಯಾಟ್ರಿ ತೀರಿದ್ರ ಹೆಂಗಂತ... ನಾನ ಆಕ್ಸಿಜನ್ ಮಷಿನ್ ಅರ್ಧಕ್ಕ ಇಳಸ್ತಿದ್ನ್ರಿ. ರೂಢಿ ಆಗ್ಲಿ ಅಂತ ಮನ್ಯಾಗೂ. ಇವರು ಮಲಗಿದಮ್ಯಾಲ."

ಫಕ್ಕೀರೇಶ ಗೋಡೆಗೆ ಒರಗಿ ಅಳತೊಡಗಿದ. ವೈದ್ಯ ಕೈ ಹಿಂದೆಗೆದುಕೊಂಡು, ಕುರ್ಚಿಯನ್ನು ಅವಳ ಕಡೆ ತಿರುಗಿಸಿದ.

"ಎಷ್ಟು ತಿಂಗಳಿಂದಮ್ಮಾ?" ಎಂದು ಕೇಳಿದ. ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು.