ತೊಂಬತ್ತೈದು ಅಂಕಿಯ ಕಿತಾಪತಿ

ಇದು ನಡೆದಿದ್ದೇ. ಇದರಲ್ಲಿ ಒಂದೇ ಒಂದು ಅಂಕಿ ಸುಳ್ಳಿದ್ರೂ ನನ್ನ ಬಾಯಿಗೆ ಇನ್ನು ಕರಿದ ಟೆಂಪೆ ಬೀಳದೇ ಹೋಗ್ಲಿ. ಮಲಾಂಗ್ ಊರಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ.

ಜುಲೈ ತಿಂಗಳು, ಆ ಗುಡ್ಡದ ಊರಿಗೆ ಅದೇ ಚಳಿಗಾಲ. ಹಲ್ಲು ಕಟಕಟ ಅನ್ನೋ ಚಳಿ. ಗುರುವಾರ ಬೆಳಿಗ್ಗೆ ಮಾರ್ಕೆಟ್ ಮುಂದೆ ಸೀಟಿ ಊದ್ತಾ ಬೈಕ್ ನಿಲ್ಲಿಸ್ತಿದ್ದ ಜುಮಾಲಿ ಹತ್ರ ಕುಸ್ನಾದಿ ಓಡಿ ಬಂದ. ಕಾಲಲ್ಲಿ ಒಂದೇ ಚಪ್ಪಲಿ.

"ಚಾಕ್! ನನ್ನ ಮಿಷನ್ನಿಗೆ ಯಾರೋ ಕೈ ಹಾಕಿದ್ದಾರೆ!"

ಅಣ್ಣ ಅನ್ನೋ ಕಡೆ ಅಲ್ಲಿ ಚಾಕ್ ಅಂತಾರೆ. ಈ ಚಾಕ್ ಜುಮಾಲಿ ಪಾರ್ಕಿಂಗ್ ಕಾಯೋನು. ಮೂರನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನು. ಆದ್ರೆ ಒಂದ್ಸಲ ನೋಡಿದ ನಂಬರ್ ಮರೆಯೋ ಆಸಾಮಿ ಅಲ್ಲ. ಹನ್ನೆರಡು ವರ್ಷದ ಹಿಂದೆ ನಿಲ್ಲಿಸಿದ ಸ್ಕೂಟರ್ ನಂಬರು, ಅದರ ಮೇಲೆ ಕೂತಿದ್ದ ಕೋಳಿ ಬಣ್ಣ, ಎರಡೂ ಹೇಳ್ತಿದ್ದ. ಗಲ್ಲೀಲಿ ಏನೇ ಕಳುವಾದ್ರೂ ಪೊಲೀಸರಿಗಿಂತ ಮೊದಲು ಅವನಿಗೇ ಬುಲಾವ್.

ಕುಸ್ನಾದಿ ರೇಡಿಯೋ ರಿಪೇರಿಯವನು. ಹದಿನೆಂಟು ವರ್ಷದಿಂದ ಹಿಂದಿನ ಕೋಣೇಲಿ ಒಂದು ವೆಬ್‌ಸೈಟ್ ಸಾಕ್ಕೊಂಡಿದ್ದ. ಉದ್ದುದ್ದ ಸಂಖ್ಯೆ ಕೊಟ್ರೆ, ಯಾವ್ಯಾವ ಸಂಖ್ಯೆ ಗುಣಿಸಿದ್ರೆ ಅದು ಬರುತ್ತೆ ಅಂತ ಅವನ ಕಂಪ್ಯೂಟರ್ ಮಿಷನ್ನು ಒಡೆದು ತೋರಿಸೋದು. ಒಡೆದದ್ದನ್ನೆಲ್ಲ ಬರೆದಿಟ್ಕೊಳ್ಳೋದು. ನಲವತ್ತು ದೇಶದ ಲೆಕ್ಕದ ಹುಚ್ಚರು ಅಲ್ಲಿಗೆ ಸಂಖ್ಯೆ ಕಳಿಸೋರು.

"ಏನಾಯ್ತೋ ಕುಸ್?"

"ಯಾರೋ ದಿನಾ ಉದ್ದದ ಸಂಖ್ಯೆ ತಂದು ಸುರೀತಿದ್ದಾರೆ. ಒಂದೊಂದು ಒಡೆಯೋಕೆ ಮೂರು ಮೂರು ಗಂಟೆ. ಹಿಂದೆ ನಾಲ್ಕು ಸಾವಿರ ಸಂಖ್ಯೆ ಸಾಲಲ್ಲಿ ನಿಂತಿದೆ."

"ತೆಗೆದು ಬಿಸಾಕು."

"ಬಿಸಾಕಿದೆ. ಸಂಜೆಗೆ ಮತ್ತೆ ಬಂದ್ವು. ಸಂಖ್ಯೆ ಕಳಿಸೋರ ಮುಖಂಡ, ಜರ್ಮನಿಯ ಯೋಖೆನ್, ಪತ್ರ ಹಾಕಿದ್ದಾನೆ. ನಾಳೆ ಶುಕ್ರವಾರದೊಳಗೆ ಸಾಲು ಕದಲದಿದ್ರೆ ಎಲ್ಲ ಸಂಖ್ಯೆನೂ ಅವರ ಕಡೆಗೆ ಒಯ್ತಾರಂತೆ. ಆಮೇಲೆ ನಾನು ಬಾಗಿಲು ಹಾಕೋದೇ."

ಜುಮಾಲಿ ಸೀಟಿ ಜೇಬಿಗೆ ಹಾಕ್ದ.

* * *

ಹಿಂದಿನ ಕೋಣೆ ಅಂದ್ರೆ ಒಲೆ ಒಳಗೆ ಹೊಕ್ಕ ಹಾಗೆ. ಮಿಷನ್ ಗುಂಯ್ ಅಂತಿತ್ತು. ಅದರ ತಲೆ ಮೇಲೆ ಬೆಕ್ಕು ಮಲಗಿತ್ತು.

"ಈ ಬೆಕ್ಕೇ ಇರಬಹುದಾ ಚಾಕ್? ಕೀಲಿಮಣೆ ಮೇಲೆ ಓಡಾಡುತ್ತೆ."

ಜುಮಾಲಿ ಪರದೆ ನೋಡ್ದ. "ಬೆಕ್ಕು ಕಾಲಿಟ್ರೆ ಒಂದೇ ಅಂಕಿ ಸಾಲಾಗಿ ಬೀಳುತ್ತೆ. ಇಲ್ಲಿ ಹಂಗಿಲ್ಲ. ಪಾಪದ ಪ್ರಾಣಿ, ಬಿಡು. ಒಂದೊಂದ್ರಲ್ಲೂ ಎಷ್ಟು ಅಂಕಿ?"

"ತೊಂಬತ್ತೈದು. ಎಲ್ಲಾದ್ರಲ್ಲೂ ತೊಂಬತ್ತೈದೇ."

"ಯಾಕೆ? ತೊಂಬತ್ತಲ್ಲ, ನೂರಲ್ಲ, ತೊಂಬತ್ತೈದು?"

ಕುಸ್ನಾದಿ ತಲೆ ಕೆರ್ಕೊಂಡ.

"ಸರಿ. ನಾಲ್ಕು ಸಾವಿರ ದಾಟಿ ಇವು ಮುಂದೆ ಹೆಂಗೆ ಬಂದ್ವು?"

ಅವನ ಮುಖ ಸಣ್ಣಗಾಯ್ತು. "ನಮ್ಮನೆ ವೈಫೈಯಿಂದ ಬಂದದ್ದನ್ನ ಮೊದಲು ಒಡೀಬೇಕು ಅಂತ ನಾನೇ ಇಟ್ಟಿದ್ದೆ. ಪರೀಕ್ಷೆ ಮಾಡೋಕೆ."

"ವೈಫೈ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಗಲ್ಲಿಗೆಲ್ಲ."

"ಭಲೇ! ಮನೆಗೆ ಬೀಗ ಹಾಕಿ ಕೀಲಿ ಬಾಗಿಲಿಗೇ ನೇತಾಕಿದ್ದೀಯ."

ಅಷ್ಟರಲ್ಲಿ ಕುಸ್ನಾದಿ ಅಕ್ಕ ಕಾತ್ಮಿನಿ ಕಾಫಿ ತಂದ್ಲು. ಗಲ್ಲಿಯೆಲ್ಲ ಅವಳನ್ನ ಯು ಮಿನಿ ಅನ್ನೋದು; ಯು ಅಂದ್ರೆ ಅಕ್ಕ. ಪಕ್ಕದ ಕೋಣೇಲಿ ಟೆಂಪೆ ಮಾಡಿ ಮಾರ್ತಿದ್ಲು. ಬೇಯಿಸಿದ ಸೋಯಾ ಕಾಳನ್ನ ಬಾಳೆ ಎಲೇಲಿ ಕಟ್ಟಿ ಎರಡು ದಿನ ಬೆಚ್ಚಗಿಟ್ರೆ, ಬಿಳಿ ಬೂಷ್ಟು ಹಿಡಿದು ಗಟ್ಟಿ ಬಿಲ್ಲೆಯಾಗೋದು. ಕಾಫಿ ಜೊತೆ ಬಿಸಿಬಿಸಿ ಕರಿದ ತುಂಡು ನಾಲ್ಕು.

"ಆಹಾ! ಮಾರ್ಕೆಟ್ಟಲ್ಲಿ ಚಳಿಗೆ ಎಲ್ಲರ ಟೆಂಪೆನೂ ಕೆಟ್ಟಿದೆ. ನಿಮ್ದು ಹತ್ತಿ ಇದ್ದಂಗಿದೆ ಯು."

"ಕೈಗುಣ ಕಣೋ," ಅಂದು ಅವಳು ಬೇಗ ಬೇಗ ಹೋದ್ಲು.

"ನಂಗೆ ಎದುರುಗಡೆ ಯೂಲಿಯುಸ್ ಮೇಲೇ ಅನುಮಾನ," ಕುಸ್ನಾದಿ ಪಿಸುಗುಟ್ಟಿದ. "ಗೇಮ್ ಅಂಗಡಿ ಇಟ್ಟಿದ್ದಾನೆ. ನನ್ನ ಮಿಷನ್ನು ಗಲ್ಲಿ ಇಂಟರ್ನೆಟ್ಟೆಲ್ಲ ನುಂಗುತ್ತೆ ಅಂತ ಬೈತಿರ್ತಾನೆ."

ಜುಮಾಲಿ ಪರದೆ ಮೇಲೆ ಬೆರಳಿಟ್ಟು ಓದ್ತಿದ್ದ. ನಡುವಲ್ಲಿ ಬೆರಳು ನಿಂತು ಹೋಯ್ತು.

"ಕುಸ್, ಇದು ನನ್ನ ಫೋನ್ ನಂಬರ್."

* * *

ಆಮೇಲೆ ಎಲ್ಲ ಸರಸರ ಬಿಚ್ಕೊಳ್ತು. ಸೊನ್ನೆ ಎಂಟರಿಂದ ಶುರುವಾಗೋ ಹನ್ನೆರಡು ಅಂಕಿ ತುಂಡುಗಳು. ಒಂದ್ರ ಬಾಲಕ್ಕೆ ಇನ್ನೊಂದು. ಎಂಟು ಫೋನ್ ನಂಬರ್ ಜೋಡಿಸಿದ್ರೆ ತೊಂಬತ್ತಾರು.

"ಸಂಖ್ಯೆ ಮುಂದಿರೋ ಸೊನ್ನೆನ ನಿನ್ನ ಮಿಷನ್ ಲೆಕ್ಕಕ್ಕೆ ಇಟ್ಕೊಳ್ಳುತ್ತಾ?"

"ಇಲ್ಲ, ಉದುರಿಸಿಬಿಡುತ್ತೆ."

"ಹಂಗಾಗಿ ತೊಂಬತ್ತೈದು."

ಜುಮಾಲಿ ಮೊದಲ ನಂಬರಿಗೆ ಫೋನ್ ಹಾಕ್ದ. ಬೈಕ್ ಮೆಕ್ಯಾನಿಕ್ ಎತ್ತಿದ. "ಯೂಲಿಯುಸ್ ಅಂಗಡೀಗೆ ಹೋಗ್ತೀಯಾ?" "ಭಾನುವಾರ ಭಾನುವಾರ ಹೋಗ್ತೀನಿ ಚಾಕ್." ಎರಡನೇ ನಂಬರಿನವನೂ ಅದನ್ನೇ ಹೇಳ್ದ.

"ಸಿಕ್ಕಿಬಿದ್ದ!" ಕುಸ್ನಾದಿ ತೋಳು ಮಡಚಿದ.

"ತಡಿಯೋ ಮಾರಾಯ." ಮೂರನೇದಕ್ಕೆ ಹಾಕ್ದ. ಒಂದು ಮುದುಕಿ ಎತ್ತಿದ್ಲು.

"ಅಜ್ಜಿ, ಯೂಲಿಯುಸ್ ಹತ್ರ ಗೇಮ್ ಆಡ್ತೀರಾ?"

"ಗೇಮಾ? ಕೋಲಿಲ್ದೆ ನಿಲ್ಲೋಕೇ ಆಗಲ್ಲ, ಇವನಿಗೆ ಗೇಮು! ನೀನು ಯು ಮಿನಿ ಕಡೆಯವನು ತಾನೇ? ಇವತ್ತು ಟೆಂಪೆ ತಡಾನಾ?"

ಜುಮಾಲಿ ಫೋನ್ ಇಟ್ಟು, ತಟ್ಟೇಲಿದ್ದ ಕೊನೇ ತುಂಡು ಬಾಯಿಗೆ ಹಾಕ್ಕೊಂಡ. ನಿಧಾನ ಅಗಿದ.

"ಯು ಮಿನೀನ ಕರಿ."

* * *

ಮಿಷನ್ ಹಿಂದೆ ಒಂದು ಬಟ್ಟೆ ಇಳಿಬಿದ್ದಿತ್ತು. ಜುಮಾಲಿ ಅದನ್ನ ಸರ್ರಂತ ಎಳೆದ. ಬಿಸಿಗಾಳಿ ಬರೋ ತೂತಿಗೆ ಒಂದು ದಪ್ಪ ಪೈಪು. ಅದು ಗೋಡೆ ತೂರಿ ಪಕ್ಕದ ಕೋಣೇಲಿ ಟೆಂಪೆ ಕಪಾಟಿಗೆ ಹೋಗಿತ್ತು.

"ಹದಿನೆಂಟು ವರ್ಷ ಮಿಷನ್ನಿನ ಮುಖ ನೋಡಿದ್ದೀಯ ಕುಸ್, ಬೆನ್ನು ನೋಡಿಲ್ಲ," ಅಂದ ಜುಮಾಲಿ. "ಊರೆಲ್ಲ ಕೆಟ್ಟ ಟೆಂಪೆ ಇಲ್ಲಿ ಮಾತ್ರ ಚೆನ್ನಾಗಿದೆ. ಅಂದ್ರೆ ಇಲ್ಲಿ ಶಾಖ ಇದೆ. ಮಿಷನ್ ಬಿಸಿಯಾಗಿರ್ಬೇಕಾದ್ರೆ ಕಷ್ಟದ ಕೆಲಸ ಬೇಕು. ಕೆಲಸಕ್ಕೆ ಉದ್ದದ ಸಂಖ್ಯೆ ಬೇಕು. ಗೇಮ್ ಅಂಗಡೀಗೆ ಈ ಅಜ್ಜಿ ಹೋಗಲ್ಲ, ನಾನೂ ಹೋಗಲ್ಲ. ಆದ್ರೆ ನಾವೆಲ್ಲ ತಿನ್ನೋದು ಯು ಮಿನಿ ಟೆಂಪೇನೇ. ನಮ್ಮೆಲ್ಲರ ನಂಬರ್ ಇರೋದು ಅವರ ಗಿರಾಕಿ ಪುಸ್ತಕದಲ್ಲಿ ಮಾತ್ರ."

ಯು ಮಿನಿ ಸೊಂಟದ ಮೇಲೆ ಕೈ ಇಟ್ಲು.

"ಹೂಂ, ನಾನೇ. ಎರಡು ಸಲ ಕಾಳು ಕೆಟ್ಟು ಚರಂಡಿಗೆ ಹೋಯ್ತು. ಇವನ ಡಬ್ಬ ಸುಮ್ನೆ ತಣ್ಣಗೆ ಕೂತಿರುತ್ತೆ ಅಂದ್ಕೊಂಡೆ, ಗಿರಾಕಿ ಪುಸ್ತಕದ ನಂಬರೆಲ್ಲ ಪೋಣಿಸಿ ಕೆಲಸ ಕೊಟ್ಟೆ. ಹಿಂದೆ ನಾಲ್ಕು ಸಾವಿರ ಕಾಯ್ತಿದೆ ಅಂತ ನಂಗೇನು ಗೊತ್ತು? ಸಂಖ್ಯೆ ಹಾಕೋ ಡಬ್ಬಿ ಬಿಟ್ರೆ ಇವನ ಪುಟದಲ್ಲಿ ಇನ್ನೇನೂ ಕಾಣಲ್ಲ!"

ಕುಸ್ನಾದಿ ಪುಟ ತೆರೆದು ನೋಡ್ದ. ಅಕ್ಕ ಹೇಳಿದ್ದು ನಿಜ.

ಅವತ್ತೇ ಕೂತು ರಿಪೇರಿ ಮಾಡ್ದ. ಮನೆಯವರಿಗೆ ಮೊದಲು ಅನ್ನೋದನ್ನ ಕಿತ್ತ. ಎಷ್ಟು ಸಂಖ್ಯೆ ಕಾಯ್ತಿದೆ ಅಂತ ಪುಟದ ನೆತ್ತಿ ಮೇಲೆ ದೊಡ್ಡದಾಗಿ ಬರೆದ. ಚಿಕ್ಕ ಸಂಖ್ಯೆ ಮುಂದೆ, ದೊಡ್ಡದು ಹಿಂದೆ ಅಂತ ಸಾಲು ಬದಲಿಸಿದ. ನಾಲ್ಕು ಸಾವಿರದಲ್ಲಿ ಮುಕ್ಕಾಲು ಪಾಲು ಚಿಕ್ಕವೇ. ಶುಕ್ರವಾರ ಮಧ್ಯಾಹ್ನಕ್ಕೆ ಅಷ್ಟೂ ಹುರಿಗಾಳಿನ ಥರ ಪಟಪಟ ಒಡೆದ್ವು.

ಉಳಿದಿದ್ದು ಗಟ್ಟಿ ಸಂಖ್ಯೆಗಳು. ಮಿಷನ್ ಕೆಂಪಗೆ ಕಾಯೋಕೆ ಅವು ಸಾಕು. ನಡೆದದ್ದನ್ನೆಲ್ಲ ಕುಸ್ನಾದಿ ಬರೆದ ಮೇಲೆ ಯೋಖೆನ್ ಉತ್ತರ ಬಂತು: "ತಾಣ ಅಲ್ಲೇ ಇರಲಿ. ನೂರು ಅಂಕಿಯ ಇನ್ನೂರು ಸಂಖ್ಯೆ ಕಳಿಸ್ತಿದ್ದೀನಿ. ಎಷ್ಟು ಕಿಲೋ ಟೆಂಪೆ ಆಗುತ್ತೆ ಅಂತ ಅಕ್ಕನ್ನ ಕೇಳಿ ಹೇಳು."

ಆ ಚಳೀಲಿ ಆದ ಒಂದು ಬಿಲ್ಲೇನ ಹೊರೋಕೆ ನಾಲ್ಕು ಜನ ಬೇಕಾಯ್ತು. ನಾನೂ ಒಂದು ಮೂಲೆ ಹಿಡಿದಿದ್ದೆ.

ಏನು, ನಗ್ತೀರಾ? ಸರಿ ಹಂಗಾದ್ರೆ. ಯಾವ ಎರಡು ಸಂಖ್ಯೆ ಗುಣಿಸಿದ್ರೆ ಎಂಟು ಸಾವಿರದ ಐವತ್ತೊಂದು ಬರುತ್ತೆ ಹೇಳಿ ನೋಡೋಣ. ಒಂದರಿಂದ ಗುಣಿಸೋ ಹಂಗಿಲ್ಲ. ನಿಧಾನ ಲೆಕ್ಕ ಹಾಕಿ, ಅವಸರ ಇಲ್ಲ. ಅಲ್ಲಿವರೆಗೆ ನಿಮ್ಮ ತಟ್ಟೇಲಿರೋ ಆ ಕೊನೇ ತುಂಡನ್ನ ಇತ್ಲಾಗೆ ತಳ್ಳಿ.