ನೆನೆದ ಗಂಟು

ದೋಣಿ ಎಡಕ್ಕೆ ವಾಲಿತು. ನಾನು ಚಾಕು ಹಿರಿದೆ.

ಬಲಗಡೆಯ ಟಾರ್ಪಾಲು ಗಾಳಿ ತುಂಬಿಕೊಂಡು ಹಾಯಿಯಂತೆ ಉಬ್ಬಿತ್ತು. ಎಡಗಡೆಯದು ಆಗಲೇ ನೀರಿಗೆ ತಾಗಿತ್ತು. ನಡುವೆ ನಾವು... ಮುಚ್ಚಿದ ಬುಟ್ಟಿಯೊಳಗಿನ ಕೋಳಿಗಳ ಹಾಗೆ.

ಪ್ರವಾಸಿಗರನ್ನು ದ್ವೀಪದಿಂದ ದ್ವೀಪಕ್ಕೆ ಕರೆದೊಯ್ದು ಜೀವಸಹಿತ ಮರಳಿಸುವುದು ನನ್ನ ಕಸುಬು. ನಮ್ಮ ವಿಸಾಯಾಸ್ ದ್ವೀಪಗಳ ಕಡಲಿನಲ್ಲಿ ಕಳ್ಳರಿಗಿಂತ ಗಾಳಿಗೆ ಹೆಚ್ಚು ಹೆದರಬೇಕು. ಅಂದು ನನ್ನ ಜೊತೆಗಿದ್ದವರು ಹಮಾಸಾಕಿ ಎಂಬ ಜಪಾನಿನ ಹಿರಿಯ ಹೆಂಗಸು. ದಡದಲ್ಲೇ ತಮ್ಮ ಲೈಫ್ ಜಾಕೆಟ್ ತೊಟ್ಟು, ಕೊರಳಿಗೆ ಸೀಟಿ ಕಟ್ಟಿಕೊಂಡಿದ್ದರು. ಜನ ನಕ್ಕಿದ್ದರು. ದೋಣಿಯ ಜಾಕೆಟ್‌ಗಳೂ ಹೊಸವೇ. ಕೊಳೆಯಾಗದಿರಲೆಂದು ಪ್ಲಾಸ್ಟಿಕ್ ಸಹಿತ ಚಾವಣಿಗೆ ಬಿಗಿದಿದ್ದರು.

ದೋಣಿ ನಡೆಸುತ್ತಿದ್ದವನು ಮೆಲ್ಚೋರ್, ನನ್ನ ತಂಗಿ ಪೆರ್ಲಾಳ ಗಂಡ. ನಡುಗಡಲಿನಲ್ಲಿ ಮಳೆ ಹಿಡಿದಾಗ, ಮೊಮ್ಮಗಳ ಜೊತೆ ಮದುವೆಗೆ ಹೊರಟಿದ್ದ ಅಜ್ಜಿಯೊಬ್ಬಳು ಬಟ್ಟೆ ನೆನೆಯುತ್ತಿದೆ, ಟಾರ್ಪಾಲು ಇಳಿಸಪ್ಪಾ ಎಂದು ಕೇಳಿದಳು. ಗಾಳಿ ಏರುತ್ತಿದೆ, ಬೇಡ ಎಂದು ನಾನು ತಡೆದೆ.

"ಅಜ್ಜಿಗೆ ಆಗಲ್ಲ ಅನ್ನೋಕಾಗತ್ತಾ ಭಾವ? ನಾಳೆ ಊರಲ್ಲಿ ಮುಖ ತೋರಿಸ್ಬೇಡ್ವಾ?"

"ಮುಖ ಉಳಿದ್ರೆ ತೋರ್ಸು."

ಅವನು ನಕ್ಕ. ಎರಡೂ ಕಡೆ ಇಳಿಸಿ ಹಗ್ಗ ಕಟ್ಟಿದ.

ಆ ಗಂಟೇ ಈಗ ನೆನೆದು ಕಲ್ಲಾಗಿತ್ತು. ಬಿಚ್ಚುವ ಮಾತಿಲ್ಲ. ಬಲಗಡೆಯ ಟಾರ್ಪಾಲನ್ನೇ ಉದ್ದಕ್ಕೆ ಸೀಳಿ ಹೊರಗೆ ನುಸುಳಿದೆ. ದೋಣಿ ಮಗ್ಗುಲಿಗೆ ಬಿತ್ತು.

ಸೀಳಿನಿಂದ ಕೈಗಳು ಮೇಲೆ ಬಂದವು. ಎಳೆದೆ. ಹಮಾಸಾಕಿ ಬಂದರು. ಕೆಳಗಿನಿಂದ ಯಾರೋ ಒಬ್ಬೊಬ್ಬರನ್ನೇ ನನ್ನತ್ತ ನೂಕುತ್ತಿದ್ದರು. ಮೊಮ್ಮಗಳು ಬಂದಳು. ಅಜ್ಜಿಯೂ ಬಂದಳು. ಕೊನೆಗೆ ನೂಕುತ್ತಿದ್ದ ಕೈಯೇ ಕಂಡಿತು. ಬೆರಳಿನಲ್ಲಿ ಪೆರ್ಲಾ ತೊಡಿಸಿದ ಉಂಗುರ.

ಹಿಡಿದೆ.

ದೋಣಿ ಪೂರ್ತಿ ಮಗುಚಿತು. ಕೈ ಜಾರಿತು...

ಮಳೆಯಲ್ಲಿ ಎದುರಿನದೇನೂ ಕಾಣುತ್ತಿರಲಿಲ್ಲ. ಹಮಾಸಾಕಿ ಬಿಡದೆ ಸೀಟಿ ಊದಿದರು. ಆ ಸದ್ದು ಹಿಡಿದೇ ಮೀನುಗಾರರು ನಮ್ಮನ್ನು ಹುಡುಕಿಕೊಂಡು ಬಂದರು. ಮರುದಿನ ಅವರು ಮೆಲ್ಚೋರನ ದೇಹವನ್ನು ತಂದರು. ಟಾರ್ಪಾಲುಗಳ ಸಮೇತ ಮುರಿದ ಚಾವಣಿಯನ್ನೂ ತಂದರು. ಜಾಕೆಟ್‌ಗಳು ಪ್ಲಾಸ್ಟಿಕ್ಕಿನೊಳಗೆ ಹಾಗೆಯೇ ಇದ್ದವು. ಒಂದಕ್ಕೂ ಕೊಳೆ ತಾಗಿರಲಿಲ್ಲ.

ನಮ್ಮಲ್ಲಿ ಮಣ್ಣು ಮಾಡುವವರೆಗೂ ಸತ್ತವನನ್ನು ಒಂಟಿಯಾಗಿ ಬಿಡುವಂತಿಲ್ಲ. ಊರು ಬಂದು ಅಂಗಳದಲ್ಲಿ ಕೂತಿತು. ಕಾಫಿ, ಬಿಸ್ಕತ್ತು, ನಿದ್ದೆ ಹತ್ತದಿರಲೆಂದು ಇಸ್ಪೀಟು ಎಲ್ಲವೂ ನಡೆದವು. ಮಳೆಯೂ ಬಂತು. ನೆರಳಿಗೆಂದು ಯಾರೋ ದೋಣಿಯ ಅದೇ ಟಾರ್ಪಾಲುಗಳನ್ನು ತಂದು, ಒಂದನ್ನು ಮೇಲೆ ಹರಡಿ, ಇನ್ನೊಂದನ್ನು ಪಕ್ಕಕ್ಕೆ ಸುತ್ತಿ ಕಟ್ಟಿದ್ದರು. ನಾನು ಸೀಳಿದ್ದ ಕಡೆಯಿಂದ ನೀರು ಇಳಿಯುತ್ತಿತ್ತು. ಅದರ ಕೆಳಗೇ ಆ ಅಜ್ಜಿ ಕೂತಿದ್ದಳು. ನೆನೆಯುತ್ತಿದ್ದಳು. ಕದಲಲಿಲ್ಲ, ಏನನ್ನೂ ಕೇಳಲಿಲ್ಲ.

ಪೆರ್ಲಾ ಶವಪೆಟ್ಟಿಗೆಯ ಬಳಿಯಿಂದ ಎದ್ದು ಬಂದಳು. ಅತ್ತು ಅತ್ತು ದನಿ ಬತ್ತಿತ್ತು.

"ಅಣ್ಣಾ, ಬಂದೋರು ನೆನೀತಿದಾರೆ. ಪಕ್ಕದ್ದೂ ಇಳಿಸು."

ಆಗಲ್ಲ ಎನ್ನಲು ನನ್ನಿಂದಲೂ ಆಗಲಿಲ್ಲ. ಇಳಿಸಿದೆ. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿದೆ. ಎರಡು ಸಲ ಎಳೆದೂ ನೋಡಿದೆ.

ನೆಲದ ಮೇಲೆ ನಾವು ಬಹಳ ಎಚ್ಚರದ ಜನ.