ಗೋದಾವರಿಯ ಕೋರೆಹಲ್ಲು

ಪೂಜೆ ಮುಗಿಸಿ, ಹಣೆಯ ಗಂಧ ಇನ್ನೂ ಆರದಿರುವಾಗಲೇ ದತ್ತೋಪಂತರು ಪೆಟ್ಟಿಗೆಯ ಮುಚ್ಚಳ ತೆರೆದರು. ಒಳಗೆ ಹತ್ತಿಯಷ್ಟೇ ಇತ್ತು. ಹತ್ತಿಯ ನಡುವೆ ಬಾಗಿದ ಕಠಾರಿಯ ಆಕಾರದ ಕುಳಿ. ಹಲ್ಲು ಇರಲಿಲ್ಲ.

ನಿಜಾಮ ಸರಕಾರದ ಭೂಶೋಧನೆಯ ಚಾಕರಿಯಲ್ಲಿದ್ದಾಗ ಗೋದಾವರಿಯ ದಂಡೆಯ ಬಂಡೆಯಿಂದ ಅವರೇ ಬಿಡಿಸಿ ತಂದ ಹಲ್ಲು ಅದು. ಮನುಷ್ಯನ ಹುಟ್ಟಿಗೂ ಕೋಟ್ಯಂತರ ವರ್ಷ ಮೊದಲು, ಜುರಾಸಿಕ್ ಯುಗದಲ್ಲಿ, ಎರಡು ಕಾಲಿನ ಮೇಲೆ ನಡೆದು ದೈತ್ಯಪ್ರಾಣಿಗಳನ್ನು ಸೀಳಿ ತಿಂದ ಡೈನೋಸಾರಿನದು. ಕಂದು ಬಣ್ಣ, ಅಂಚಿನಲ್ಲಿ ಗರಗಸದಂತಹ ಕಚ್ಚುಗಳು. ಮರುದಿನ ಕಲಕತ್ತೆಯ ವಿದ್ವಾಂಸರೊಬ್ಬರು ಅದನ್ನು ನೋಡಲು ಕಲ್ಯಾಣಕ್ಕೆ ಬರುವವರಿದ್ದರು. ಅಂತಹ ಪ್ರಾಣಿ ಇಲ್ಲಿತ್ತೆಂಬ ಪಂತರ ಮಾತಿಗೆ ಜೀವಮಾನವಿಡೀ ನಕ್ಕ ಲೋಕಕ್ಕೆ ಅದೊಂದೇ ಸಾಕ್ಷಿ.

ಮಧ್ಯಾಹ್ನ ಹುಮನಾಬಾದದಿಂದ ಗಯಾಸುದ್ದೀನ್ ಬಂದರು. ನಿಜಾಮರ ಆಳ್ವಿಕೆಯೊಡನೆ ಅವರ ಪೊಲೀಸ್ ಅಮೀನಗಿರಿಯೂ ಮುಗಿದಿತ್ತು. ಮೈಮೇಲೆ ಸಮವಸ್ತ್ರವಿಲ್ಲ, ಬೆನ್ನ ಹಿಂದೆ ಠಾಣೆಯಿಲ್ಲ. ಆದರೂ ಪಂತರು ಹಳೆಯ ಗೆಳೆಯನನ್ನೇ ಕರೆಸಿದ್ದರು.

"ಯಾರ ಮ್ಯಾಲ ಸಂಶಯ ಅದ, ಪಂತರ?"

"ನೀರು ಹೊರೋ ಪಂಡರಿ ಮ್ಯಾಲ. ಹೊರಗಿನವರಂದ್ರ ಅವನೊಬ್ಬನೇ ಬರ್ತಾನ."

ಅಂಗಳದಲ್ಲಿ ಕೊಡ ಹಿಡಿದು ನಿಂತಿದ್ದ ಪಂಡರಿ ತಲೆಯೆತ್ತಿದ. "ಸಾಹೇಬ್ರ, ಆ ಭೂತದ ಹಲ್ಲು ಒಯ್ದು ಯಾರ ಬಾಯಾಗ ಕೂಡಿಸ್ಲಿ? ನನ್ನವೇ ಉದುರಾಕತ್ತಾವ."

ಗಯಾಸುದ್ದೀನರು ನಗಲಿಲ್ಲ. ಒಳಕೋಣೆಯಲ್ಲಿ ಮಗು ನರಳುತ್ತಿತ್ತು—ಪಂತರ ತೀರಿಹೋದ ಮಗನ ಒಂದೇ ಕೂಸು. ವೈದ್ಯರು ಕೈಚೆಲ್ಲಿದ್ದರು.

"ಕಡೀಕ ಯಾವಾಗ ನೋಡಿದ್ರಿ?"

"ಹೋದ ವಾರ. ಸೊಸಿಗೆ ತೋರಿಸಿದ್ದೆ. ನೋಡವ್ವಾ, ಕಾಲಕ್ಕೂ ಇದನ್ನ ತಿನ್ನಾಕ ಆಗಲಿಲ್ಲ ಅಂದಿದ್ದೆ."

ಗಯಾಸುದ್ದೀನರು ಪಂತರ ಮುಖವನ್ನೇ ಬಹಳ ಹೊತ್ತು ನೋಡಿದರು.

"ಇವತ್ತ ಗಂಧ ಯಾರು ತೇಯ್ದ್ರು?"

"ನಾನೇ. ಅದ್ಯಾಕ?"

"ಸಾಣೆಕಲ್ಲು ನೋಡಬೇಕು. ದೇವರ ಮನಿಗೆ ನಾ ಬರೂದಿಲ್ಲ, ಇಲ್ಲಿಗೇ ತರಸ್ರಿ."

ಸೊಸೆ ಯಶೋದಾಬಾಯಿ ಕಲ್ಲನ್ನು ತಂದು ಹೊಸ್ತಿಲಲ್ಲೇ ನಿಂತಳು. ಕಲ್ಲಿನ ರಂಧ್ರಗಳಲ್ಲಿ ಕಂದುಬಣ್ಣದ ಕೆಸರು ಒಣಗಿತ್ತು.

"ಗಂಧ ಆರಿದ್ರ ಹಳದಿ ಆಗ್ತದ," ಎಂದರು ಗಯಾಸುದ್ದೀನ್. "ನಿಮ್ಮ ಬೊಟ್ಟು ಕಂದು ಆಗ್ಯಾದ, ಪಂತರ. ಮುಂಜಾನಿಂದ ಕಳುವಿನ ಮಾಲು ನಿಮ್ಮ ಹಣಿ ಮ್ಯಾಲೇ ಅದ. ಎಲ್ಲಾರೂ ನಿಮ್ಮ ಮುಖಾ ನೋಡೇ ಮಾತಾಡಿದ್ರು, ಯಾರೂ ಅದನ್ನ ನೋಡಲಿಲ್ಲ. ನಿಮಗಿಂತ ಮೊದಲ ಈ ಕಲ್ಲಿನ ಮ್ಯಾಲ ಹಲ್ಲು ತೇಯ್ದಾರ. ಪಂಡರಿ ದೇವರ ಮನಿ ಹೊಸ್ತಿಲಾ ದಾಟಾಂವಲ್ಲ. ಉಳಿದವರು ಒಬ್ಬರೇ."

ಯಶೋದಾಬಾಯಿ ಸೆರಗಿನ ಗಂಟು ಬಿಚ್ಚಿದಳು. ಹೆಬ್ಬೆರಳ ಗಾತ್ರದ ತುಂಡೊಂದು ಉಳಿದಿತ್ತು.

"ಕಾಲ ತಿನ್ನಲಾರದ್ದು ಅಂದ್ರಲ್ಲ, ಮಾವನವರ. ಕೂಸಿಗೆ ಹಾಲಿನಾಗ ಕುಡಿಸೀನಿ."

"ಅಡಗಿಮನಿ ಕಲ್ಲು ಇತ್ತಲ್ಲವ್ವಾ?" ಎಂದರು ಪಂತರು.

"ದೇವರ ಕಲ್ಲಾದ್ರ ದೇವರಿಗೂ ಗೊತ್ತಾಗ್ತದ ಅಂತ ತಿಳದೆ."

"ಕೂಸು ಹ್ಯಾಂಗ ಅದ?" ಎಂದು ಗಯಾಸುದ್ದೀನರು ಕೇಳಿದರು. ಅವಳು ತುಂಡನ್ನು ಮಾವನ ಅಂಗೈಯಲ್ಲಿಟ್ಟಳು.

ಪಂತರು ತುಂಡನ್ನು ಬೆಳಕಿಗೆ ಹಿಡಿದರು. ತುದಿಯಿಲ್ಲ, ಕಚ್ಚುಗಳಿಲ್ಲ. ಕಲಕತ್ತೆಯವರಿಗೆ ಇನ್ನು ಅದು ಬರಿಯ ಹರಳು. ಅದರಲ್ಲಿ ಕಲ್ಲಲ್ಲದೆ ಔಷಧವೇನೂ ಇಲ್ಲವೆಂಬುದನ್ನು ಆ ಮನೆಯಲ್ಲಿ ಅವರಷ್ಟು ಬಲ್ಲವರು ಬೇರೊಬ್ಬರಿರಲಿಲ್ಲ. ಒಳಗೆ ಮಗುವಿನ ಉಸಿರು ಸಿಳ್ಳಿನಂತೆ ಎಳೆಯುತ್ತಿತ್ತು.

ಅವರು ಸೊಸೆಯ ಕೈಯಿಂದ ಸಾಣೆಕಲ್ಲು ತೆಗೆದುಕೊಂಡು ನೆಲಕ್ಕೆ ಕುಳಿತರು. ಉಳಿದ ತುಂಡನ್ನು ಅದರ ಮೇಲಿಟ್ಟು ತೇಯತೊಡಗಿದರು. ಒಣಕಲ್ಲು ಕರಕರನೆ ಸದ್ದು ಮಾಡಿತು.

"ನೀ ಹೋಗಪಾ, ನಿಂದೇನೂ ಇಲ್ಲ," ಎಂದರು ಗಯಾಸುದ್ದೀನ್, ಪಂಡರಿಗೆ.

ಪಂಡರಿ ಹೋಗಲಿಲ್ಲ. ಕೊಡವನ್ನು ಬಾಗಿಸಿ ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟ.